ಕ್ಯೋಟೋ ನಗರದಲ್ಲಿ ಒಂದು ದಿನ

ಕ್ಯೋಟೋ ನಗರವು ಕ್ರಿ. ಶ. 794ರಲ್ಲಿ ರಾಜಧಾನಿಯಾಗಿ ಸ್ಥಾಪಿತವಾಯಿತು. ಸಾವಿರ ವರ್ಷಕ್ಕೂ ಮೇಲ್ಪಟ್ಟು ಜಪಾನಿನ ಚಕ್ರವರ್ತಿಗಳ ನಿವಾಸವಾಗಿದ್ದಿತು. ಅಂತಹ ಊರನ್ನು ಒಂದೇ ದಿನದಲ್ಲಿ ನೋಡಿ ಮುಗಿಸುವೆವೆಂದು ನಾವು ನಾಲ್ವರು ಮಿತ್ರರು ಹೊರಟದ್ದು ಅವಿವೇಕವೇ ಸರಿ. ನಮ್ಮಲ್ಲಿ ಹಿರಿಯರಾದವರು ಎಪ್ಪತ್ತೈದನ್ನು ಸಮೀಪಿಸಿದವರು. ಊರಿನಲ್ಲಿ ಅವರ ಪೂರ್ವಿಕರ ತೊಟ್ಟಿಮನೆಯ ಎರಡು ಕಂಬಗಳಿಗೆ ಗೆದ್ದಲು ಹತ್ತಿದ್ದಿತು. ಹೊಸ ಕಂಬಗಳನ್ನು ನಿಲ್ಲಿಸೋಣವೆಂದು ತಮ್ಮಂದಿರು ಎರಡು ವರ್ಷಗಳಿಂದ ಬೇಡುತ್ತಿದ್ದರೂ, “ಕಂಬ ಬದಲಾದ ಮೇಲೆ ಅದು ಅಜ್ಜನ ಮನೆ ಹೇಗಾದೀತು?” ಎಂದು ಇವರು ಒಪ್ಪಿರಲಿಲ್ಲ. ಈ ಸಂಗತಿಯು ದಾರಿಯುದ್ದಕ್ಕೂ ನಮ್ಮ ಮಾತಿನಲ್ಲಿ ಸುಳಿಯುತ್ತಲೇ ಇದ್ದಿತು.

ಬೆಳಗಾಗುತ್ತಲೇ ನಗರದ ದಕ್ಷಿಣದಲ್ಲಿರುವ ಫುಶಿಮಿ ಇನಾರಿಗೆ ಹೋದೆವು. ಜಪಾನಿನ ದೇವಾಲಯಗಳಲ್ಲಿ ಎರಡು ಬಗೆಯುಂಟು. ಶಿಂಟೋ ಮತದ್ದಕ್ಕೆ ಜಿಂಜ ಎಂದೂ ಬೌದ್ಧರದ್ದಕ್ಕೆ ತೆರ ಎಂದೂ ಹೆಸರು. ಜಿಂಜದಲ್ಲಿ ಕೈಬಾಯಿ ತೊಳೆದು, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಪದ್ಧತಿ. ಬೌದ್ಧಾಲಯದಲ್ಲಿ ಚಪ್ಪಾಳೆಯಿಲ್ಲ, ಮೌನವಾಗಿ ಕೈಮುಗಿಯಬೇಕು. 1868ರಲ್ಲಿ ಸರ್ಕಾರದ ಆಜ್ಞೆಯಿಂದ ಬೇರ್ಪಡುವವರೆಗೆ ಇವೆರಡೂ ಎಷ್ಟೋ ಕಡೆ ಒಂದೇ ಆವರಣದಲ್ಲಿ ಬೆರೆತಿದ್ದವು. ಆದುದರಿಂದ ಮಧ್ಯಾಹ್ನ ನಮ್ಮಲ್ಲೊಬ್ಬರು ಬೌದ್ಧಾಲಯದಲ್ಲಿ ಚಪ್ಪಾಳೆ ತಟ್ಟಿಬಿಟ್ಟದ್ದನ್ನು ಮಹಾಪರಾಧವೆಂದು ನಾವು ಎಣಿಸಲಿಲ್ಲ.

ಇನಾರಿಯು ಬತ್ತದ ದೇವತೆ. ಕಾಲಕ್ರಮದಲ್ಲಿ ವ್ಯಾಪಾರದ ದೇವತೆಯೂ ಆಯಿತು. ನರಿಯು ಈ ದೇವತೆಯ ದೂತ. ಅಲ್ಲಿಯ ಕಲ್ಲಿನ ನರಿಗಳಲ್ಲಿ ಕೆಲವು ಕಣಜದ ಬೀಗದಕೈಯನ್ನು ಬಾಯಲ್ಲಿ ಕಚ್ಚಿಕೊಂಡಿವೆ. ದೇವಾಲಯದ ಹಿಂದೆ 233 ಮೀಟರು ಎತ್ತರದ ಬೆಟ್ಟ. ಅದರ ದಾರಿಯ ಮೇಲೆ ತೋರಿ ಎಂಬ ಸಿಂದೂರವರ್ಣದ ದ್ವಾರಗಳು ಒಂದಕ್ಕೊಂದು ತಾಗುವಂತೆ ಸಹಸ್ರಾರು ನಿಂತಿವೆ. ಏರುವಾಗ ಬರಿಯ ಬಣ್ಣವೇ ಕಾಣುತ್ತದೆ. ಇಳಿಯುವಾಗಲೇ ಕಂಬಗಳ ಹಿಂಬದಿಯಲ್ಲಿ ಹರಕೆ ಸಲ್ಲಿಸಿದವರ ಹೆಸರೂ ದಿನಾಂಕವೂ ಕಣ್ಣಿಗೆ ಬೀಳುವುದು. ಹಿರಿಯರು ಒಂದು ಕಂಬದ ಬುಡವನ್ನು ಬೆರಳಿನಿಂದ ಒತ್ತಿ ನೋಡಿದರು, ಮರವು ಮೆತ್ತಗಾಗಿದ್ದಿತು. ನೆಲದ ತೇವದಿಂದ ಬುಡ ಕೊಳೆತ ದ್ವಾರವನ್ನು ಕಿತ್ತು ಅಲ್ಲಿ ಹೊಸದನ್ನು ನಿಲ್ಲಿಸುತ್ತಾರೆ. ದಾರಿ ಹಳೆಯದು, ದ್ವಾರಗಳು ಹೊಸವು.

ಅಲ್ಲಿಂದ ಹೇಯಾನ್ ದೇವಾಲಯಕ್ಕೆ. ಇದು 1895ರಲ್ಲಿ, ನಗರಕ್ಕೆ ಸಾವಿರದ ನೂರು ವರ್ಷ ತುಂಬಿದಾಗ, ಪ್ರಾಚೀನ ಅರಮನೆಯ ಮಾದರಿಯನ್ನು ಎಂಟರಲ್ಲಿ ಐದು ಪಾಲಿನ ಅಳತೆಗೆ ಇಳಿಸಿ ಕಟ್ಟಿದುದು. ಕಟ್ಟಡಗಳು ನಮ್ಮ ಮನಸ್ಸನ್ನು ಹಿಡಿಯಲಿಲ್ಲ. ಹಿಂದಿನ ಉದ್ಯಾನವು ಹಿಡಿಯಿತು. ಒಗಾವಾ ಜಿಹೇ ಎಂಬ ಉದ್ಯಾನಶಿಲ್ಪಿಯು ಬಿವಾ ಸರೋವರದ ಕಾಲುವೆಯ ನೀರನ್ನು ಇಲ್ಲಿಯ ಕೊಳಗಳಿಗೆ ತಂದನು. ಒಂದು ಕೊಳವನ್ನು ದಾಟಲು ನೀರಿನಲ್ಲಿ ದುಂಡುಗಲ್ಲುಗಳನ್ನಿಟ್ಟಿದೆ. ಇವು ಹದಿನಾರನೆಯ ಶತಮಾನದಲ್ಲಿ ಹಿದೆಯೋಶಿಯು ಕಟ್ಟಿಸಿದ ಸೇತುವೆಗಳ ಕಂಬಗಳು. ಸೇತುವೆಯನ್ನು ಹೊತ್ತಿದ್ದ ಕಲ್ಲುಗಳ ಮೇಲೆ ಈಗ ನಾವೇ ಕಾಲಿಟ್ಟು ದಾಟಿದೆವು.

ಚಿನ್ನದ ಮಂದಿರವೆಂದು ಪ್ರಸಿದ್ಧವಾದ ಕಿಂಕಾಕು ನಗರದ ವಾಯವ್ಯದಲ್ಲಿದೆ. ಮೇಲಿನ ಎರಡು ಅಂತಸ್ತುಗಳಿಗೆ ಚಿನ್ನದ ರೇಕು ಹೊದಿಸಿದ ಈ ಮಂದಿರವು ಮುಂದಿನ ಕೊಳದಲ್ಲಿ ಮತ್ತೊಮ್ಮೆ ತಲೆಕೆಳಗಾಗಿ ನಿಂತಿದ್ದಿತು. ಅಶಿಕಾಗಾ ಯೋಶಿಮಿತ್ಸುವು 1397ರಲ್ಲಿ ಇಲ್ಲಿ ತನ್ನ ವಿಹಾರಸ್ಥಾನವನ್ನು ಕಟ್ಟಿಸತೊಡಗಿದನು. ಆ ಕಾಲದ ಮಂದಿರಕ್ಕೆ 1950ರಲ್ಲಿ ಒಬ್ಬ ತರುಣ ಸಂನ್ಯಾಸಿಯೇ ಬೆಂಕಿಯಿಟ್ಟನು. ಈಗಿರುವುದು 1955ರಲ್ಲಿ ಮರಳಿ ಕಟ್ಟಿದುದು. ಇದನ್ನು ಕೇಳುತ್ತಲೇ ನಮ್ಮ ಹಿರಿಯರು, “ಹಾಗಾದರೆ ಇದಕ್ಕಿಂತ ನಾನೇ ಹಿರಿಯ! ಇದನ್ನು ನೋಡಲು ಇಷ್ಟು ದೂರ ಬರಬೇಕಾಗಿತ್ತೇ?” ಎಂದರು. ನಮಗೆ ನಗು ಬಂದಿತಾದರೂ ಅವರು ನಗಲಿಲ್ಲ.

ಇಸೆಯ ಮಹಾದೇವಾಲಯವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟುವರೆಂದೂ, 2013ರಲ್ಲಿ ನಡೆದುದು 62ನೆಯ ಸಲದ್ದೆಂದೂ ನಮ್ಮಲ್ಲೊಬ್ಬರು ನೆನಪಿಸಿದರು. ಹಾಗೆ ಕಟ್ಟುವುದರಿಂದಲೇ ಬಡಗಿಯ ಕೈಯ ಅಭ್ಯಾಸವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿದು ಬಂದಿದೆ. “ಅದು ವ್ರತ, ಇದು ಅಪಘಾತ. ಎರಡೂ ಒಂದೇ ಅಲ್ಲ” ಎಂದು ಹಿರಿಯರು ವಾದಿಸಿದರು. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಸುಟ್ಟದ್ದು ಮಂದಿರ ಮಾತ್ರ. ಕೊಳವೂ ಅದರ ನಡುಗಡ್ಡೆಗಳೂ ಹಿಂದಿನವೇ. ಇದನ್ನು ನಾವು ತೋರಿಸಿದಾಗ ಅವರು ಉತ್ತರ ಕೊಡದೆ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು.

ಕೊನೆಯದಾಗಿ, ಸಮೀಪದಲ್ಲಿಯೇ ಇರುವ ರ್ಯೋಆನ್‌ಜಿ. ಇದರ ಉದ್ಯಾನದಲ್ಲಿ ನೀರಿಲ್ಲ, ಹೂವಿಲ್ಲ. ಮಣ್ಣಿನ ಗೋಡೆಯ ಒಳಗೆ ಬಿಳಿಯ ಹರಳುಗಳ ಅಂಗಳ. ಅದರಲ್ಲಿ ಹದಿನೈದು ಬಂಡೆಗಳು, ಅವುಗಳ ಬುಡದಲ್ಲಿ ಪಾಚಿ. ಜಗಲಿಯಲ್ಲಿ ಎಲ್ಲಿ ಕುಳಿತರೂ ಒಂದಾದರೂ ಬಂಡೆ ಮರೆಯಾಗಿಯೇ ಇರುತ್ತದೆ. ಹರಳುಗಳ ಮೇಲಿನ ಗೆರೆಗಳು ಮಳೆಗಾಳಿಗೆ ಅಳಿಯುತ್ತವೆ; ಸಂನ್ಯಾಸಿಗಳು ಹಲ್ಲುಳ್ಳ ಮರದ ಸಾಧನವನ್ನು ಎಳೆದು ಮತ್ತೆ ಮೂಡಿಸುತ್ತಾರೆ. ನಾವು ಮೂವರು ಅತ್ತಿತ್ತ ಸರಿದು ಎಣಿಸಿ ಸೋತೆವು.

ಹಿರಿಯರು ಎಣಿಸಲಿಲ್ಲ. ಜಗಲಿಯ ಮರದ ಕಂಬಕ್ಕೆ ಒರಗಿ ಕುಳಿತಿದ್ದವರು, ಬಾಗಿಲು ಮುಚ್ಚುವ ಹೊತ್ತಾಯಿತೆಂದು ನಾವು ಎಬ್ಬಿಸಿದಾಗ, “ನಮ್ಮ ಕಡೆ ಚೆನ್ನಾಗಿ ಬಲಿತ ಹಲಸಿನ ಮರ ಈಗಲೂ ಸಿಗುತ್ತದೆಯೇ?” ಎಂದು ಕೇಳಿದರು.