ಮಂಗನ ಕಾಯಿಲೆಗೆ ಲಸಿಕೆ ಯಾವಾಗ?

ಡಿಸೆಂಬರ್ ಬಂತೆಂದರೆ ಮಲೆನಾಡಿನ ಆಸ್ಪತ್ರೆಗಳಲ್ಲಿ ಒಂದು ಜ್ವರದ ಮೇಲೆ ಎಲ್ಲರ ಕಣ್ಣು. ಅದೇ ಕೆಎಫ್‌ಡಿ (ಕ್ಯಾಸನೂರು ಕಾಡಿನ ಕಾಯಿಲೆ), ಜನರ ಬಾಯಲ್ಲಿ ಮಂಗನ ಕಾಯಿಲೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಹಿಂದೆಯೇ ಸುತ್ತಲಿನ ಊರುಗಳಿಗೂ ಜ್ವರ ಹಬ್ಬಿತು. ಹುಡುಕಿದಾಗ ಸಿಕ್ಕಿದ್ದು ಹೊಸ ವೈರಸ್.

ಮನುಷ್ಯರಿಗೆ ಇದನ್ನು ದಾಟಿಸುವುದು ಉಣುಗು. ಮಂಗ ಸತ್ತಾಗ ಅದರ ಮೈಯಿಂದ ಇಳಿದ ಉಣುಗುಗಳು ಕಾಡಿನ ನೆಲ ಸೇರುತ್ತವೆ. ಎಳೆಯ ಉಣುಗು ಎಳ್ಳುಕಾಳಿಗಿಂತ ಚಿಕ್ಕದು. ಕೊಟ್ಟಿಗೆಗೆಂದು ದರಕು (ಒಣಗಿದ ಎಲೆ) ಗುಡಿಸುವವರ, ಸೌದೆ ಆರಿಸುವವರ ಕಾಲಿಗೆ ಹತ್ತಿದರೂ ಗೊತ್ತೇ ಆಗುವುದಿಲ್ಲ. ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಸೋಂಕು ತಗುಲಿದ ನೂರರಲ್ಲಿ 3ರಿಂದ 5 ಮಂದಿ ಬದುಕುಳಿಯುವುದಿಲ್ಲ.

ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಇಲ್ಲ.

ಹಳೆಯ ಲಸಿಕೆಯ ಪರಿಣಾಮ ಕುಗ್ಗಿ, 2022ರಲ್ಲಿ ಅದರ ಬಳಕೆ ನಿಂತಿತು. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸದನ್ನು ರೂಪಿಸುತ್ತಿವೆ. ಅಲ್ಲಿಯವರೆಗೆ ಜನರ ಕೈಯಲ್ಲಿರುವುದು ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ.

2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಇದೇ ಕಾಯಿಲೆಯಿಂದ ಸಾವುಗಳನ್ನು ಕಂಡಿತು. ರೋಗ ಈಗ ಕೇರಳ, ಗೋವಾ, ಮಹಾರಾಷ್ಟ್ರಕ್ಕೂ ಕಾಲಿಟ್ಟಿದೆ. ಕಾಡಿಗೆ ಹೋಗಬೇಡಿ ಎಂದರೆ ದರಕು, ಸೌದೆ ನಂಬಿದ ಮನೆಗಳು ನಡೆಯುವುದು ಹೇಗೆ? ಇವರಿಗೆ ಬೇಕಿರುವುದು ಬೇಗ ಸಿಗುವ ಲಸಿಕೆ, ಹತ್ತಿರದಲ್ಲೇ ರಕ್ತ ಪರೀಕ್ಷೆ.

ಸತ್ತ ಮಂಗ ಕಂಡರೆ ಮುಟ್ಟಬೇಡಿ, ತಕ್ಷಣ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿನಿಂದ ಬಂದ ಮೇಲೆ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ.