ನಿಮಗಿದು ಗೊತ್ತೆ? ಹೆಸರು ಕೇಳಿದರೆ ಎಷ್ಟನೆಯ ಮಗ ಎಂದು ತಿಳಿಯುತ್ತದೆ!

ಜಪಾನಿನ ‘ಇಚಿರೊ’ ಎಂಬ ಹೆಸರಿನಲ್ಲಿ ‘ಇಚಿ’ ಎಂದರೆ ಒಂದು, ‘ರೊ’ ಎಂದರೆ ಗಂಡುಮಗ. ಅಂದರೆ ಹಿರಿಮಗ. ಅದೇ ಲೆಕ್ಕದಲ್ಲಿ ಎರಡನೆಯವನು ಜಿರೊ, ಮೂರನೆಯವನು ಸಬುರೊ, ನಾಲ್ಕನೆಯವನು ಶಿರೊ, ಐದನೆಯವನು ಗೊರೊ. ಮಕ್ಕಳು ಹೆಚ್ಚಿದ್ದ ಕಾಲದಲ್ಲಿ ಸರದಿ ಇನ್ನೂ ಮುಂದಕ್ಕೆ ಹೋಗುತ್ತಿತ್ತು. 12ನೇ ಶತಮಾನದ ವೀರ ಮಿನಾಮೊತೊ ಯೊಶಿತ್ಸುನೆಗೆ ‘ಕುರೊ’ ಎಂಬ ಹೆಸರೂ ಇತ್ತು. ಆತ ತಂದೆಗೆ ಒಂಬತ್ತನೆಯ ಮಗ.

ಹಿರಿಮಗನಿಗೆ ‘ತಾರೊ’ ಎನ್ನುವುದೂ ಉಂಟು. ಅಕಿರಾ ಕುರೊಸಾವಾ ಅವರ 1985ರ ‘ರಾನ್’ ಚಿತ್ರದಲ್ಲಿ ಮುದಿ ದೊರೆಯ ಮೂವರು ಮಕ್ಕಳು ತಾರೊ, ಜಿರೊ, ಸಬುರೊ. ಅರ್ಜಿಗಳ ಮಾದರಿ ನಮೂನೆಯಲ್ಲಿ ಕಾಣುವ ‘ಯಮಾದಾ ತಾರೊ’ ಅಂತೂ ಯಾರೂ ಅಲ್ಲದ, ಎಲ್ಲರೂ ಆದ ಮನುಷ್ಯ!

ಆದರೆ ಕಿವಿಗೆ ಕೇಳಿದ್ದನ್ನೇ ನಂಬುವಂತಿಲ್ಲ. 2004ರಲ್ಲಿ ಅಮೆರಿಕದ ಮೇಜರ್ ಲೀಗ್‌ನಲ್ಲಿ 262 ಹಿಟ್‌ಗಳ ದಾಖಲೆ ಬರೆದ ಬೇಸ್‌ಬಾಲ್ ಆಟಗಾರ ಇಚಿರೊ ಸುಜುಕಿ ಮನೆಯ ಎರಡನೆಯ ಮಗ. ಅವರ ಹೆಸರಿನ ‘ರೊ’ಗೆ ಬಳಸುವ ಲಿಪಿಚಿಹ್ನೆಯೇ ಬೇರೆ. ಅದಕ್ಕೆ ಗಂಡುಮಗ ಎಂಬ ಅರ್ಥವಿಲ್ಲ. ನಿರ್ಮಲ, ಉಲ್ಲಾಸಭರಿತ ಎಂದರ್ಥ.