ಸಹಿಯ ಚಿತ್ರಕ್ಕೆ ಎಷ್ಟು ದೊಡ್ಡ ಗೂಡು?

ಜಮೀನಿನ ಖಾತೆ ಬದಲಾಗುವಾಗ ಕೊಡುವ ನೋಟಿಸಿನ ಮೇಲೆ ರೈತನ ಸಹಿಯೋ ಹೆಬ್ಬೆಟ್ಟೋ ಇರುತ್ತದೆ. ‘ನನಗೆ ನೋಟಿಸೇ ಬಂದಿಲ್ಲ’ ಎಂಬ ತಕರಾರು ಎದ್ದರೆ ಆ ಕಾಗದವೇ ಸಾಕ್ಷಿ. 2000ದ ಸುಮಾರಿಗೆ ರಾಜ್ಯದ ತಾಲ್ಲೂಕು ಕಚೇರಿಗಳಿಗೆ ಬಂದ ‘ಭೂಮಿ’ ಯೋಜನೆ, ಪಹಣಿಯ ಅಕ್ಷರ-ಅಂಕಿಗಳ ಜೊತೆಗೆ ಇಂಥ ನೋಟಿಸು, ಮ್ಯುಟೇಶನ್ ಆದೇಶಗಳನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ರೈತರಿಗೂ, ಆಗಿನ್ನೂ ಕೂಡ್ಲಿಗಿ ತಾಲ್ಲೂಕಿನಲ್ಲೇ ಇದ್ದ ಕೊಟ್ಟೂರಿನವರಿಗೂ ಅಚ್ಚಾದ ಪಹಣಿ ಸಿಗತೊಡಗಿದ್ದು ಹೀಗೆ.

ಅಕ್ಷರ ಕೂಡಿಡುವುದು ಸುಲಭ. ‘ಕೊಟ್ಟೂರು’ ಎಂಬ ಹೆಸರಿಗೆ ಯುಟಿಎಫ್-8 ಪದ್ಧತಿಯಲ್ಲಿ 24 ಬೈಟು ಸಾಕು. ಚಿತ್ರದ ಮಾತು ಬೇರೆ. 40 ಕಿಲೋಬೈಟಿನ ಸಣ್ಣ ಭಾವಚಿತ್ರವೆಂದರೂ ಸುಮಾರು 40,000 ಬೈಟು! ಇದಕ್ಕೆಂದೇ ಡೇಟಾಬೇಸಿನಲ್ಲಿ ‘ಬ್ಲಾಬ್’ ಎಂಬ ಗೂಡುಗಳಿವೆ. ಮೈಎಸ್‌ಕ್ಯೂಎಲ್‌ನಲ್ಲಿ ಟೈನಿಬ್ಲಾಬ್ ಹಿಡಿಸುವುದು 255 ಬೈಟು, ಬ್ಲಾಬ್ 65,535, ಮೀಡಿಯಂಬ್ಲಾಬ್ ಸುಮಾರು 1 ಕೋಟಿ 67 ಲಕ್ಷ.

ಹಡಗಲಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ಬೇರೆಡೆಯೋ ಓದುವ ಮಕ್ಕಳು ಪ್ರಾಜೆಕ್ಟ್ ಮಾಡುವಾಗ ಈ ಗೂಡನ್ನು ಕೈಯಾರೆ ಕಟ್ಟುವುದಿಲ್ಲ. ಜಾವಾದಲ್ಲಿ ಹೈಬರ್ನೇಟ್‌ನಂಥ ಸಾಧನ ತಾನೇ ಕಟ್ಟಿಕೊಡುತ್ತದೆ. ಬಲು ಅನುಕೂಲ, ಒಪ್ಪೋಣ. ಆದರೆ ನಿಮ್ಮ ಚಿತ್ರ ಎಷ್ಟು ದೊಡ್ಡದೆಂದು ಅದಕ್ಕೇನು ಗೊತ್ತು? ಉದ್ದ ಹೇಳದಿದ್ದರೆ 255 ಎಂದು ಹಿಡಿಯುವುದು ಜಾವಾ ಪರ್ಸಿಸ್ಟೆನ್ಸ್ ನಿಯಮ. ಹಾಗಾಗಿ ಹೈಬರ್ನೇಟ್‌ನ ಹಲವು ಆವೃತ್ತಿಗಳು ಭಾವಚಿತ್ರಕ್ಕೂ ಟೈನಿಬ್ಲಾಬನ್ನೇ ಕಟ್ಟಿಬಿಡುತ್ತವೆ. 2015ರ ಮೈಎಸ್‌ಕ್ಯೂಎಲ್ 5.7ರಿಂದೀಚೆಗೆ, ಸೆಟ್ಟಿಂಗ್ ಬದಲಿಸದಿದ್ದರೆ, ‘ಹಿಡಿಸದು’ ಎಂದು ದೋಷ ತೋರಿಸಿ ನಿಲ್ಲುತ್ತದೆ. ಅದೇ ವಾಸಿ. ಹಿಂದಿನ ಸಡಿಲ ಕ್ರಮದಲ್ಲಿ ಮೊದಲ 255 ಬೈಟು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ, ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿತ್ತು. ಸಹಿ ಇದೆಯೆಂದು ನಂಬಿದವರಿಗೆ ತೆರೆದಾಗ ಸಿಗುವುದು ಶೂನ್ಯ!

ಇನ್ನೊಂದು ತೊಡಕುಂಟು. 500 ಮಂದಿಯ ಹೆಸರಿನ ಪಟ್ಟಿ ಮಾತ್ರ ಕೇಳಿದರೂ, ಬೇರೆ ಏರ್ಪಾಡು ಮಾಡದಿದ್ದರೆ ಎಲ್ಲರ ಚಿತ್ರವೂ ಜೊತೆಗೇ ಬರುತ್ತದೆ. 40 ಕಿಲೋಬೈಟಿನಂತೆ ಅದು 20 ಮೆಗಾಬೈಟಿನ ಹೊರೆ. ಚಿತ್ರವನ್ನು ಪ್ರತ್ಯೇಕ ಕೋಷ್ಟಕದಲ್ಲಿಟ್ಟರೆ ಪಟ್ಟಿ ಹಗುರಾಗುತ್ತದೆ.

ಚಿತ್ರವನ್ನು ಹೊರಗೆ ಫೋಲ್ಡರಿನಲ್ಲಿಟ್ಟು, ಡೇಟಾಬೇಸಿನಲ್ಲಿ ಅದರ ಹೆಸರಷ್ಟೇ ಬರೆಯುವವರೂ ಇದ್ದಾರೆ. ತರಗತಿಯ ಫೋಟೋಗಳಿಗೆ ಅದು ಸರಿ. ಸಹಿಯಿರುವ ದಾಖಲೆಯಾದರೆ ಡೇಟಾಬೇಸಿನ ಒಳಗೇ ಇರಲಿ ಎಂಬುದು ನನ್ನ ಮತ. ಖಾತೆ ಬದಲಾವಣೆ, ಅದರ ಸಾಕ್ಷಿ ಎರಡೂ ಒಟ್ಟಿಗೇ ದಾಖಲಾಗುತ್ತವೆ, ಒಂದೇ ಬ್ಯಾಕಪ್‌ನಲ್ಲಿ ಉಳಿಯುತ್ತವೆ. ಫೋಲ್ಡರ್ ಅಳಿಸಿಹೋಗಿ ಹೆಸರು ಮಾತ್ರ ಉಳಿಯುವ ಭಯವಿಲ್ಲ.

ವಿದ್ಯಾರ್ಥಿಗಳೇ, ಉದ್ದವನ್ನು ನೀವೇ ಬರೆಯಿರಿ. ಆಮೇಲೆ ಒಂದು ದೊಡ್ಡ ಚಿತ್ರ ಹಾಕಿ, ಹೊರತೆಗೆದು, ಹಾಕಿದ ಬೈಟುಗಳಷ್ಟೇ ಮರಳಿ ಬಂದವೇ ಎಂದು ಎಣಿಸಿ ನೋಡಿ.